ಒಂದೇ ಸಾಲಿನ ಜಾಗ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನೌಬಾದದ ಹತ್ತಿರ ನಾನು ಪಾಠ ಹೇಳುವ ಪಾಲಿಟೆಕ್ನಿಕ್ಕಿನಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಕೌಸಲ್ಯಾಬಾಯಿ ಲ್ಯಾಬಿಗೆ ಬಂದರೆ ಫ್ಯಾನು ಕೂಡ ಸಪ್ಪಳ ಮಾಡದೆ ತಿರುಗುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ವಯಸ್ಸು ನಲವತ್ತಮೂರು, ಮದುವೆ ಇಲ್ಲ, ಬೀದರಿನಲ್ಲಿ ಒಂಟಿಯಾಗಿ ಬಾಡಿಗೆ ಮನೆ. ಇಂಥ ಹೆಂಗಸಿಗೆ ಸಿಟ್ಟೂ ಇಲ್ಲದಿದ್ದರೆ ಮಂದಿ ಹರಿದು ತಿನ್ನುತ್ತಾರೆ.

ಆದರೆ ಆ ವರ್ಷ ಬುಧವಾರ ಬಂತೆಂದರೆ ನನ್ನ ಸಿಟ್ಟು ರಜೆ ಹಾಕುತ್ತಿತ್ತು. ಬುಧವಾರ ನಾನು ಲೂಕನನ್ನು ನೋಡುತ್ತಿದ್ದೆ.

ಎರಡು ಸಾವಿರದ ಹದಿನೈದು. ಮುಂಗಾರು ಕೈಕೊಟ್ಟು, ಹಿಂಗಾರೂ ಕೈಕೊಟ್ಟು, ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ತೊಗರಿ ಗೇಣುದ್ದಕ್ಕೇ ಒಣಗಿ ನಿಂತಿತ್ತು. ಬೀದರಿನ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯವರು ಪ್ರತಿ ಬುಧವಾರ ಒಂದೊಂದು ಹಳ್ಳಿಗೆ ಹೋಗಿ ಕ್ಯಾಂಪ್ ಮಾಡುತ್ತಿದ್ದರು. ಕಣ್ಣಿನ ಹಿಂಭಾಗದ ಪರದೆಯ ಫೋಟೋ ಹಿಡಿಯುವ ಒಂದು ಮಷೀನನ್ನು ನಮ್ಮ ಪಾಲಿಟೆಕ್ನಿಕ್ಕಿನಲ್ಲೇ ಕಟ್ಟಿ ಅವರಿಗೆ ಕೊಟ್ಟಿದ್ದೆವು. ಗದ್ದ ಇಡುವ ಪಟ್ಟಿ, ಒಂದು ಕ್ಯಾಮೆರಾ, ಒಳಗೆ ಅಂಗೈಯಷ್ಟು ಕಂಪ್ಯೂಟರ್. ಅದನ್ನು ನಡೆಸುವವನು ಲೂಕ, ಆಸ್ಪತ್ರೆಯ ನೇತ್ರ ಸಹಾಯಕ. ಮೆಥೋಡಿಸ್ಟ್ ಚರ್ಚಿನವನು. ಹೆಂಡತಿ ತೀರಿ ಎಂಟು ವರ್ಷವಾಗಿತ್ತು, ಮಗಳು ಮದುವೆಯಾಗಿ ಹುಮನಾಬಾದಿನಲ್ಲಿದ್ದಳು. ಆಸ್ಪತ್ರೆಯವರೂ ಹಳ್ಳಿಯವರೂ ಅವನನ್ನು ಲೂಕಣ್ಣ ಎನ್ನುತ್ತಿದ್ದರು. ನಾನೊಬ್ಬಳು ಮಾತ್ರ ಲೂಕಪ್ಪನವರೇ ಎನ್ನುತ್ತಿದ್ದೆ. ಅಣ್ಣ ಎಂದು ಕರೆದು ನನ್ನ ಕೈಯಾರೆ ನಾನೇ ಬಾಗಿಲು ಹಾಕಿಕೊಳ್ಳುವಷ್ಟು ದಡ್ಡಿ ನಾನಲ್ಲ.

ಕಂಪ್ಯೂಟರ್ ಪಾಠ ಹೇಳುವ ಹೆಂಗಸಿಗೆ ಕಣ್ಣಿನ ಕ್ಯಾಂಪಿನಲ್ಲಿ ಏನು ಕೆಲಸ? ಮಷೀನು ಕೈಕೊಡುತ್ತಿತ್ತು, ಅದೇ ಕೆಲಸ. ಬೆಳಿಗ್ಗೆ ಹಚ್ಚಿದಾಗ ಚುರುಕಾಗಿರುತ್ತಿತ್ತು. ಇಪ್ಪತ್ತು ಮೂವತ್ತು ಮಂದಿಯ ಫೋಟೋ ಆದ ಮೇಲೆ ಗುಂಡಿ ಒತ್ತಿದರೆ ನಲವತ್ತು ಸೆಕೆಂಡು ಸುಮ್ಮನೆ ಕೂತುಬಿಡುತ್ತಿತ್ತು. ಒಮ್ಮೊಮ್ಮೆ ನಲವತ್ತು ಸೆಕೆಂಡು ಕೂತು, ಆಗುವುದಿಲ್ಲ ಎಂದೂ ಹೇಳುತ್ತಿತ್ತು. ಆಗ ನಾನು ಲ್ಯಾಪ್‌ಟಾಪ್ ಜೋಡಿಸಿ ಮೆಮೊರಿ ಖಾಲಿ ಮಾಡಬೇಕು, ಇಲ್ಲವೇ ಆರಿಸಿ ಮತ್ತೆ ಹಚ್ಚಬೇಕು. ನಾನಿಲ್ಲದೆ ಕ್ಯಾಂಪ್ ನಡೆಯುತ್ತಿರಲಿಲ್ಲ. ಜೂನಿನಿಂದ ನವೆಂಬರ್‌ವರೆಗೆ ಒಂದು ಬುಧವಾರವನ್ನೂ ನಾನು ತಪ್ಪಿಸಲಿಲ್ಲ.

ಆ ನಲವತ್ತು ಸೆಕೆಂಡುಗಳಲ್ಲಿ ಲೂಕ ಸುಮ್ಮನಿರುತ್ತಿರಲಿಲ್ಲ. ಪಟ್ಟಿಯ ಮೇಲೆ ಗದ್ದ ಇಟ್ಟವರು ಅಲುಗಾಡಬಾರದು, ಮಾತಾಡಬಾರದು. ಅವರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಠಾಣಾ ಕುಶನೂರಿನಲ್ಲಿ ಒಬ್ಬ ಮುದುಕನಿಗೆ ಹೀಗೆ ಹೇಳುತ್ತಿದ್ದದ್ದು ನೆನಪಿದೆ: "ಏನ್ ಕಾಕಾ, ಎಮ್ಮಿ ಎಷ್ಟ ಹಿಂಡ್ತದ? ಎರಡ ಲೀಟರ್ ಅಂತೀರಿ? ಸುಳ್ಳ ಹೇಳಬ್ಯಾಡ್ರಿ, ಮೇವ ಇಲ್ದ ಎರಡ ಲೀಟರ್ ಎಲ್ಲಿಂದ ಹಿಂಡ್ತದ? ಅಲುಗ್ಯಾಡಬ್ಯಾಡ್ರಿ, ನಗಬ್ಯಾಡ್ರಿ, ನಕ್ಕರ ಎಮ್ಮಿ ಫೋಟೋ ಬರ್ತದ." ಮುದುಕನ ಹೊಟ್ಟೆ ಕುಣಿಯುತ್ತಿತ್ತು, ಗದ್ದ ಮಾತ್ರ ಅಲುಗುತ್ತಿರಲಿಲ್ಲ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಆ ದನಿ ಕೇಳುತ್ತಿದ್ದೆ. ಮಧ್ಯಾಹ್ನ ಅವನು ಬಿಚ್ಚಿದ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ನನ್ನ ಮುಂದೆ ಸರಿಸುತ್ತಿದ್ದ. ನೀವು ಉಣ್ಣಿರಿ ಎಂದು ಹೇಳುತ್ತಲೂ ಇರಲಿಲ್ಲ, ಸರಿಸುತ್ತಿದ್ದ ಅಷ್ಟೆ. ಗುರುವಾರದಿಂದ ಮಂಗಳವಾರದವರೆಗೆ ಆರು ದಿನ ನಾನು ಆ ಅರ್ಧ ರೊಟ್ಟಿಗೆ ಹಂಬಲಿಸುತ್ತಿದ್ದೆ. ನಾಚಿಕೆ ಯಾಕೆ, ಹಂಬಲಿಸುತ್ತಿದ್ದೆ.

ಒಮ್ಮೆ ಅವನು ಕೇಳಿದ: "ಮೇಡಂ, ಈ ಮಷೀನ್ ನಲವತ್ತ ಸೆಕೆಂಡ್ ಏನ್ ಹುಡಕ್ತದ್ರಿ?"

"ಜಾಗ ಹುಡಕ್ತದ್ರಿ," ಎಂದೆ. "ಫೋಟೋ ಬಂದು ಇಳಿಲಿಕ್ಕೆ ಮೆಮೊರಿಯೊಳಗ ನಾಕ ಸಾವಿರ ಜಾಗ ಬೇಕು. ಅವೂ ಒಂದೇ ಸಾಲಿನ್ಯಾಗ, ನಡುವ ಒಂದೂ ತಪ್ಪದಂಗ."

"ಅಷ್ಟ ಜಾಗ ಖಾಲಿ ಇಲ್ಲೇನ್ರಿ?"

"ಖಾಲಿ ಅದ. ಆದ್ರ ಅಲ್ಲೊಂದು ಇಲ್ಲೊಂದು ಅದ. ಕ್ಯಾಮೆರಾಕ್ಕ ಅಂಥಾದ್ದು ನಡಿಯಂಗಿಲ್ಲ."

"ಹಂಗಾದ್ರ ಮೊದಲ ಒಂದ ಸಾಲು ಯಾರಿಗೂ ಕೊಡದಂಗ ತೆಗದ ಇಟ್ಟಬಿಡ್ರಿ."

ಅದನ್ನೂ ಮಾಡಿ ನೋಡಿದ್ದೆ. ಇರುವ ಮೆಮೊರಿಯೇ ಚೂರು. ಅದರಲ್ಲಿ ಒಂದು ಪಾಲನ್ನು ಬೀಗ ಹಾಕಿ ಇಟ್ಟರೆ ಉಳಿದ ಕೆಲಸಗಳು ಉಸಿರುಗಟ್ಟುತ್ತಿದ್ದವು. ಅದಕ್ಕೆ ಕರ್ನೆಲ್ ಒಂದು ಉಪಾಯ ಮಾಡುತ್ತದೆ. ಕರ್ನೆಲ್ ಎಂದರೆ ಮಷೀನಿನ ಒಳಗೆ ಯಾರಿಗೆ ಎಷ್ಟು ಮೆಮೊರಿ ಎಂದು ಹಂಚುವ ಯಜಮಾನ ಪ್ರೋಗ್ರಾಂ. ಕ್ಯಾಮೆರಾದ ಸಾಲಿನಲ್ಲಿ ಅದು ಬೇರೆ ಕೆಲಸಗಳನ್ನೂ ಕೂರಲು ಬಿಡುತ್ತದೆ, ಕ್ಯಾಮೆರಾ ಬಂದಾಗ ಎಬ್ಬಿಸಿ ಬೇರೆ ಕಡೆ ಕೂರಿಸುತ್ತದೆ. ಲೆಕ್ಕಕ್ಕೆ ಚೆನ್ನಾಗಿದೆ. ಎಬ್ಬಿಸುವುದರಲ್ಲೇ ನಲವತ್ತು ಸೆಕೆಂಡು ಯಾಕೆ ಹೋಗುತ್ತದೆ ಎಂಬುದು ಮಾತ್ರ ಐದು ತಿಂಗಳಾದರೂ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಭಾಲ್ಕಿಯಲ್ಲಿ, ಊಟಕ್ಕೆ ಕೂತಾಗ.

ನವೆಂಬರ್ ಕೊನೆಗೆ ಚಿಕ್ಕಪ್ಪನ ಮೊಮ್ಮಗಳ ಮದುವೆ. ನೀರಿಲ್ಲದ ವರ್ಷ, ಕೈ ತೊಳೆಯಲಿಕ್ಕೆ ಬಾಗಿಲಲ್ಲಿ ಒಬ್ಬ ಚೊಂಬು ಹಿಡಿದು ನಿಂತಿದ್ದ, ಎರಡು ಹನಿ ಹಾಕಿ ಮುಂದೆ ಹೋಗಿ ಎನ್ನುತ್ತಿದ್ದ. ಕಾಗದದ ತಟ್ಟೆ, ನೀರಿನ ಪಾಕೀಟು. ಆದರೂ ಬೂಂದಿ, ಪೂರಿ, ಬದನೆಕಾಯಿ ಪಲ್ಯಕ್ಕೆ ಏನೂ ಕಮ್ಮಿ ಇರಲಿಲ್ಲ. ನಾನು ಜಮಖಾನದ ಮೇಲೆ ಪಂಗತಿಯ ಹತ್ತನೆಯವಳಾಗಿ ಕೂತೆ. ಬಡಿಸುವ ಉಸ್ತುವಾರಿ ನನ್ನ ಚಿಕ್ಕಪ್ಪನ ಮಗ ನರಸಿಂಗನದು.

ಎರಡು ತುತ್ತು ಬಾಯಿಗೆ ಹೋಗಿರಬೇಕು, ಉದಗೀರದಿಂದ ಗಂಡಿನ ಕಡೆಯವರು ಹದಿನಾರು ಮಂದಿ ಬಂದರು. ಕೂತರೆ ಹದಿನಾರೂ ಮಂದಿ ಒಂದೇ ಸಾಲಿನಲ್ಲಿ ಕೂರಬೇಕಂತೆ. ಬೀಗರಲ್ಲವೇ, ಹೊಟ್ಟೆ ಹಸಿದಿದ್ದರೂ ಗತ್ತು ಬಿಡುವುದಿಲ್ಲ. ನರಸಿಂಗ ನಮ್ಮ ಸಾಲಿನ ತುದಿಯಿಂದ ಶುರು ಮಾಡಿದ. "ಏಳ್ರಿ, ಜರಾ ಏಳ್ರಿ, ತಾಟು ತಗೊಂಡು ಆ ಕಡಿ ಕುಂದರ್ರಿ." ಒಂದು, ಎರಡು, ಮೂರು, ಒಂಬತ್ತು ಮಂದಿ ತಟ್ಟೆ ಹಿಡಿದು ಎದ್ದರು. ಹತ್ತನೆಯವಳು ನಾನು.

"ಅಕ್ಕಾ, ಜರಾ..."

"ನಾ ಏಳಂಗಿಲ್ಲ."

ನಾನು ಏಳುವುದಿಲ್ಲವೆಂದು ನಮ್ಮ ಮನೆತನಕ್ಕೆಲ್ಲ ಗೊತ್ತು. ನನಗೆ ಆರು ವರ್ಷವಿದ್ದಾಗ ಒಂದೂರಿನ ಮದುವೆಯಲ್ಲಿ ಊಟಕ್ಕೆ ಕೂತ ನಮ್ಮಪ್ಪನನ್ನು ನೀ ಯಾರ ಪೈಕಿ ಎಂದು ಕೇಳಿ, ಉಣ್ಣುತ್ತಿದ್ದ ಎಲೆ ಸಮೇತ ಎಬ್ಬಿಸಿದ್ದರು. ಅಪ್ಪ ಎಲೆ ಹಿಡಿದು ಎದ್ದು ನಿಂತದ್ದನ್ನು ನಾನು ನೋಡಿದ್ದೇನೆ. ಅವತ್ತೇ ನಿಶ್ಚಯ ಮಾಡಿದೆ, ಒಮ್ಮೆ ಕೂತ ಪಂಗತಿಯಿಂದ ಬ್ರಹ್ಮ ಬಂದರೂ ಏಳುವುದಿಲ್ಲ. ಇಲ್ಲಿ ಎಬ್ಬಿಸುತ್ತಿದ್ದವನು ನನ್ನ ತಮ್ಮನೇ, ಅದರಲ್ಲಿ ಅವಮಾನವೇನೂ ಇರಲಿಲ್ಲ. ಆದರೂ ನನ್ನ ಮೊಣಕಾಲು ಒಪ್ಪುವುದಿಲ್ಲ.

ನರಸಿಂಗ ತಲೆ ಕೆರೆದುಕೊಂಡ. ಎದ್ದ ಒಂಬತ್ತೂ ಮಂದಿಯನ್ನು ಕರೆದು ಮತ್ತೆ ಕೂರಿಸಿದ. ಆಮೇಲೆ ಏನು ಮಾಡಬೇಕು ಆ ಮಹಾರಾಯ? ಮೊದಲನೆಯವನನ್ನು ಬಿಟ್ಟು ಎರಡನೆಯವನಿಂದ ಹದಿನಾರು ಎಣಿಸಲು ಹತ್ತಿದ. "ಏಳ್ರಿ, ಏಳ್ರಿ." ಎಂಟು ಮಂದಿ ಎದ್ದರು. ಮತ್ತೆ ನಾನು. "ಅಕ್ಕಾ?" "ಇಲ್ಲ ಅಂದ್ನಲ್ಲ!" ಎಂಟು ಮಂದಿ ವಾಪಸು ಕೂತರು. ಮೂರನೆಯವಳಿಂದ ಶುರು. ಏಳು ಮಂದಿ ಎದ್ದರು. ಒಂದು ಹುಡುಗಿಯ ಬೂಂದಿ ಚೆಲ್ಲಿತು, ಒಬ್ಬ ಮುದುಕಿ ಶಾಪ ಹಾಕಿದಳು, ಬೀಗರು ನಿಂತೇ ಇದ್ದರು.

ನನ್ನ ಪಿತ್ತ ನೆತ್ತಿಗೇರಿತು. "ಲೇ ನರಸ್ಯಾ, ತಲ್ಯಾಗ ಏನ್ ತುಂಬ್ಕೊಂಡೀಯೋ? ನಾ ಏಳಂಗಿಲ್ಲ ಅಂತ ಒಮ್ಮಿ ಗೊತ್ತಾದ ಮ್ಯಾಲ ನನ್ನ ಹಿಂದಿನ ಮಂದೀನ ಯಾಕ ಹೈರಾಣ ಮಾಡ್ತಿ? ನನ್ನ ದಾಟಿ ಆ ಕಡಿಂದ ಎಣಿಸೋ! ಎಬ್ಬಿಸೂಕಿಂತ ಮೊದಲ ಸಾಲಿನ್ಯಾಗ ನನ್ನಂಥಾಕಿ ಯಾರರೆ ಕುಂತಾರೇನು ನೋಡು, ಆಮ್ಯಾಲ ಎಬ್ಬಿಸು!"

ಹೇಳಿದ ಮಾತು ನನ್ನ ಕಿವಿಗೇ ಬಿತ್ತು. ಕೈಯಲ್ಲಿದ್ದ ಪೂರಿ ಕೈಯಲ್ಲೇ ಉಳಿಯಿತು.

ನನ್ನ ಮಷೀನು ಮಾಡುತ್ತಿದ್ದದ್ದು ಇದನ್ನೇ. ಮೆಮೊರಿಯಲ್ಲಿ ಕೆಲವರು ಅಲುಗಲು ಬಾರದಂತೆ ಗೂಟ ಹೊಡೆದು ಕೂತಿರುತ್ತಾರೆ. ಕರ್ನೆಲ್ ಸಾಲಿನ ತುದಿಯಿಂದ ಒಬ್ಬೊಬ್ಬರನ್ನೇ ಎಬ್ಬಿಸುತ್ತಾ ಬಂದು ಆ ಗೂಟಕ್ಕೆ ಎಡವುತ್ತಿತ್ತು. ಎಡವಿ, ಎಲ್ಲ ಬಿಟ್ಟು, ಒಂದು ಹೆಜ್ಜೆ ಮುಂದಿನಿಂದ ಮತ್ತೆ ಎಬ್ಬಿಸುತ್ತಾ ಬಂದು ಅದೇ ಗೂಟಕ್ಕೆ ಎಡವುತ್ತಿತ್ತು. ನೂರಾರು ಸಲ. ಕೆಲಸ ಒಂದು ಕಾಸಿನದು, ಕೆಲಸದ ತಯಾರಿ ನೂರು ಕಾಸಿನದು. ಊಟ ಮುಗಿಸಿಯೇ ಎದ್ದೆ, ಅದು ಬೇರೆ ಮಾತು. ಆದರೆ ಉಣ್ಣುತ್ತಲೇ ಎಡಗೈಯಲ್ಲಿ ಲಗ್ನಪತ್ರಿಕೆಯ ಬೆನ್ನಿಗೆ ಅಷ್ಟನ್ನೂ ಗೀಚಿಕೊಂಡೆ. ಗೀಚುವಾಗ ಮೊದಲು ಬಂದ ಯೋಚನೆ, ಲೂಕನಿಗೆ ಹೇಳಬೇಕು ಎಂಬುದು.

ಶನಿವಾರ ಭಾನುವಾರ ಕೂತು ಬರೆದೆ. ಎಬ್ಬಿಸುವ ಮೊದಲು ಇಡೀ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸು, ಏಳದವನು ಕಂಡರೆ ಯಾರನ್ನೂ ಮುಟ್ಟದೆ ಅವನನ್ನು ದಾಟಿ ಮುಂದಿನಿಂದ ಎಣಿಸು, ಅವನೆಲ್ಲಿ ಕೂತಿದ್ದಾನೆಂದು ಗುರುತಿಟ್ಟುಕೋ. ಕರ್ನೆಲ್ಲಿಗೆ ಅರವತ್ತು ಸಾಲಿನ ತಿದ್ದುಪಡಿ. ಕಾಲೇಜಿನಲ್ಲಿ ಉಳಿಸಿಕೊಂಡಿದ್ದ ಅಂಥದೇ ಇನ್ನೊಂದು ಮಷೀನಿಗೆ ಹಾಕಿ ಇನ್ನೂರು ಫೋಟೋ ಹಿಡಿದೆ. ಇನ್ನೂರನೆಯದೂ ಒಂದು ಸೆಕೆಂಡಿನೊಳಗೆ ಬಂತು. ಖುಷಿಗೆ ಖಾಲಿ ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಉಗುರಿನಷ್ಟು ಮೆಮೊರಿ ಕಾರ್ಡಿಗೆ ತುಂಬಿ ಪರ್ಸಿನಲ್ಲಿಟ್ಟೆ.

ಬುಧವಾರ ಜೀಪು ಹತ್ತುವಾಗ ಅರ್ಥವಾಯಿತು. ಈ ಕಾರ್ಡು ಹಾಕಿದರೆ ಮುಂದಿನ ಬುಧವಾರ ನನಗೆ ಇಲ್ಲಿ ಕೆಲಸವಿಲ್ಲ.

ಅವತ್ತು ಹಾಕಲಿಲ್ಲ. ಇನ್ನೂ ಪರೀಕ್ಷೆ ಮಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ಬುಧವಾರ, ಕ್ಯಾಂಪಿನ ನಡುವೆ ಬದಲಾಯಿಸಿದರೆ ಕೆಟ್ಟೀತು ಎಂದುಕೊಂಡೆ. ನಾನು ಬೇರೆಯವರ ನೆಪಗಳನ್ನು ಇಪ್ಪತ್ತು ವರ್ಷದಿಂದ ಹಿಡಿದು ಬೈದವಳು. ನನ್ನ ನೆಪ ನನಗೆ ಗೊತ್ತಾಗುವುದಿಲ್ಲವೇ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ, ಅವತ್ತು ಲೂಕ ರೊಟ್ಟಿ ಸರಿಸಿದಾಗ ಅವನ ಮುಖ ನೋಡಲಾಗಲಿಲ್ಲ. ಆದರೂ ಉಂಡೆ.

ಮೂರನೆಯ ಬುಧವಾರ ಕ್ಯಾಂಪು ಡಾಬಕಾ ಊರಿನಲ್ಲಿ. ಶಾಲೆಯ ಮುಂದೆ ಬೇವಿನ ಗಿಡ, ಅದರ ಕೆಳಗೆ ಸರತಿ. ಶಾಲೆಯ ಆಚೆ ಒಂದು ಟೆಂಪೊ ನಿಂತಿತ್ತು. ಗಂಟು, ಬಕೆಟ್ಟು, ಒಲೆ, ಮಕ್ಕಳು ಎಲ್ಲ ಹೇರಿತ್ತು. ಹೈದ್ರಾಬಾದ್ ಕಡೆಗೆ ಕಟ್ಟಡದ ಕೆಲಸಕ್ಕೆ ಮಂದಿಯನ್ನು ಒಯ್ಯುವ ಮೇಸ್ತ್ರಿ ಸುಭಾನ ಅದರ ಬಾಗಿಲಿಗೆ ಆತು ಬೀಡಿ ಸೇದುತ್ತಿದ್ದ. ಆ ಟೆಂಪೊದಲ್ಲಿ ಹೋಗಬೇಕಾದ ಕಾಂತಾಬಾಯಿ ಕೊನೆ ಗಳಿಗೆಗೆ ಸರತಿಗೆ ಬಂದಳು. ಐವತ್ತರ ಆಸುಪಾಸು. ಒಂದು ತಿಂಗಳಿಂದ ಕಣ್ಣ ಮುಂದೆ ಇರುವೆ ಹರಿದಾಡಿದಂತೆ ಆಗುತ್ತದೆ ಎಂದಳು. ಲೂಕ ಬೆರಳು ಚುಚ್ಚಿ ಸಕ್ಕರೆ ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ, "ಭಾಳ ಅದ್ರಿ ಮೇಡಂ, ಕಣ್ಣಿನ ಪರದಿ ಕೆಟ್ಟಿರಬೇಕು. ಈಕೀದು ಫೋಟೋ ಇವತ್ತ ಆಗ್ಲೇಬೇಕು." ಪಾಪೆ ಅಗಲವಾಗಲು ಎರಡೂ ಕಣ್ಣಿಗೆ ಔಷಧಿ ಬಿಟ್ಟ. ಅದು ಹತ್ತಲು ಅರ್ಧ ತಾಸು ಬೇಕು, ಹತ್ತಿದ ಮೇಲೆ ನಾಲ್ಕು ತಾಸು ಕಣ್ಣು ಮಂಜು.

ಅಷ್ಟರಲ್ಲಿ ಮೂವತ್ತು ಮಂದಿಯ ಫೋಟೋ ಆಗಿತ್ತು; ಅರ್ಧ ತಾಸಾದ ಮೇಲೆ ಸರತಿಯವರನ್ನು ತಡೆದು ಅವಳನ್ನೇ ಮೊದಲು ಕೂರಿಸಿದ. ಗದ್ದ ಇಟ್ಟಳು. ಗುಂಡಿ ಒತ್ತಿದ.

ಮಷೀನು ಹುಡುಕಲು ಹತ್ತಿತು. ಲೂಕ ಎಂದಿನಂತೆ ಮಾತಿಗೆ ನಿಂತ: "ಊರಾಗ ಕ್ವಾಣ ಬಿಟ್ಟ ಹೊಂಟೀರೇನವಾ..." ನಲವತ್ತು ಸೆಕೆಂಡು. ಆಗುವುದಿಲ್ಲ ಎಂದಿತು. ಮತ್ತೆ ಒತ್ತಿದ. ಮತ್ತೆ ಆಗುವುದಿಲ್ಲ. ನಾನು ಆರಿಸಿ ಹಚ್ಚಿದೆ. ಅದಕ್ಕೆ ಮೂರು ನಿಮಿಷ. ಟೆಂಪೊ ಹಾರ್ನು ಹೊಡೆಯಿತು.

"ಹತ್ತ ನಿಮಿಷ ತಡೀರಿ ಸುಭಾನಭಾಯಿ," ಲೂಕ ಕೂಗಿದ.

"ಹತ್ತ ನಿಮಿಷ ಅಂತ ಒಂದ ತಾಸ ಆತಲ್ಲ ಸಾಬ್! ಮಕ್ಕಳು ಬಿಸಲಾಗ ಕುಂತಾವ. ಕತ್ತಲಾಗೂದ್ರೊಳಗ ಮುಟ್ಟಬೇಕು."

ಕಾಂತಾಬಾಯಿ ಗದ್ದ ಎತ್ತಿದಳು. "ಇರ್ಲಿ ಬಿಡ್ರಿ ಅಣ್ಣಾರ, ಹೊಳ್ಳಿ ಬಂದ ಮ್ಯಾಲ ತಗಸ್ಕೋತೇನಿ. ಮಂದಿ ನನ್ನ ಸಲುವಾಗಿ ಎಷ್ಟಂತ ಕುಂಡ್ರಬೇಕು." ಲೂಕ ಎರಡು ಸಲ ಬೇಡಿಕೊಂಡ. ಅವಳು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಬಿಸಿಲಿಗೆ ಇಳಿದಳು. ಔಷಧಿ ಹಾಕಿದ ಕಣ್ಣು, ಏನೂ ಕಾಣುತ್ತಿರಲಿಲ್ಲ. ಕೈ ಮುಂದೆ ಚಾಚಿ ತಡಕಾಡುತ್ತ ಟೆಂಪೊದ ಹಲಗೆ ಹುಡುಕಿದಳು. ಯಾರೋ ರಟ್ಟೆ ಹಿಡಿದು ಮೇಲೆ ಎಳೆದುಕೊಂಡರು.

ನನ್ನ ಪರ್ಸು ನನ್ನ ತೊಡೆಯ ಮೇಲೇ ಇತ್ತು.

ಟೆಂಪೊದ ಧೂಳು ಆರುವ ಮೊದಲೇ ನಾನು ಕಾರ್ಡು ಬದಲಾಯಿಸಿದೆ. ಮುಂದಿನವನು ಗದ್ದ ಇಟ್ಟ, ಲೂಕ ಗುಂಡಿ ಒತ್ತಿದ, ಫೋಟೋ ಬಂತು. ಮಾತು ಆಡಲು ಬಾಯಿ ತೆರೆದವನು ಹಾಗೇ ನಿಂತ. ಆಮೇಲಿನವಳು, ಫೋಟೋ ಬಂತು. ಉಳಿದ ಇಪ್ಪತ್ತಾರು ಮಂದಿ ಅರ್ಧ ತಾಸಿನಲ್ಲಿ ಮುಗಿದರು. ಬೇವಿನ ಗಿಡದ ಕೆಳಗೆ ಯಾರೂ ಉಳಿಯಲಿಲ್ಲ.

"ಇದನ್ನ ಈಗ ಮಾಡಿದ್ರೇನ್ರಿ?" ಲೂಕ ಕೇಳಿದ.

ಹೌದು ಎಂದಿದ್ದರೆ ನಂಬುತ್ತಿದ್ದ. "ಇಲ್ಲ. ಮೂರ ವಾರ ಆತು," ಎಂದೆ.

"ಮೂರ ವಾರ?"

"ಪರ್ಸಿನ್ಯಾಗ ಇತ್ತು. ಮಷೀನ್ ಸರಿ ಆದ್ರ ನಾ ಬರೋದು ಬೇಕಾಗೂದಿಲ್ಲ. ನಿಮ್ಮನ್ನ ನೋಡೋದು ತಪ್ಪತದ. ಅದಕ್ಕ ಹಾಕಲಿಲ್ಲ."

ಇಷ್ಟು ವರ್ಷದ ಮೇಲೆ ಒಬ್ಬ ಗಂಡಸಿನ ಮುಂದೆ ಮನಸ್ಸು ಬಿಚ್ಚಿದ್ದು, ಬಿಚ್ಚಿದ್ದು ಇಂಥ ಹೊತ್ತಿನಲ್ಲಿ. ಲೂಕ ಅರ್ಧ ಚೊಂಬು ನೀರಿನಲ್ಲಿ ಕೈ ತೊಳೆದುಕೊಂಡ, ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಆಕಿ ಕಣ್ಣಿಗಿ ಔಷಧಿ ಹಾಕ್ದಾಂವ ನಾನರಿ ಮೇಡಂ," ಎಂದ. "ಕುರುಡಿ ಮಾಡಿ ಗಾಡಿ ಹತ್ತಿಸಿದಂಗಾತು."

ನಾನು ಹಳೆಯ ಕಾರ್ಡನ್ನು ಪರ್ಸಿಗೆ ಹಾಕಿಕೊಂಡೆ.

"ಮುಂದಿನ ಬುಧವಾರ ನೀವು ಬರೋದು ಬ್ಯಾಡ್ರಿ," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಜಗಳ ಮಾಡಿ ಹಗುರಾಗುತ್ತಿದ್ದೆ. ಅವತ್ತು ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ. ಜೀಪಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ ಮಷೀನಿನ ಪೆಟ್ಟಿಗೆಯ ಜೊತೆ.

ಆಮೇಲಿನ ಬುಧವಾರಗಳನ್ನು ಹೇಗೆ ಕಳೆದೆ ಎಂದು ಹೇಳಿದರೆ ನಗುತ್ತೀರಿ. ಕ್ಯಾಂಪಿನ ಫೋಟೋಗಳು ಇಂಟರ್ನೆಟ್ಟಿನಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರಿಗೆ ಬಂದು ಸೇರುತ್ತಿದ್ದವು. ಲ್ಯಾಬಿನ ಬಾಗಿಲು ಹಾಕಿಕೊಂಡು ಅವನ್ನು ಒಂದೊಂದಾಗಿ ತೆರೆಯುತ್ತಿದ್ದೆ. ಒಳಗಿನ ಫೋಟೋಕ್ಕೆ ಮೊದಲು ಕಣ್ಣಿನ ಹೊರಗಿನದೊಂದು ಫೋಟೋ ಇರುತ್ತಿತ್ತು. ಕೆಲವು ಮುದುಕರ ರೆಪ್ಪೆ ಜೋತು ಬೀಳುತ್ತದೆ, ಅದನ್ನು ಎತ್ತಿ ಹಿಡಿದ ಲೂಕನ ಬೆರಳಿನ ತುದಿ ಫೋಟೋದ ಅಂಚಿನಲ್ಲಿ ಮಸುಕಾಗಿ ಬಂದಿರುತ್ತಿತ್ತು. ನಾನು ಆ ಬೆರಳನ್ನು ನೋಡುತ್ತಾ ಕೂರುತ್ತಿದ್ದೆ. ಫೋಟೋದ ಕೆಳಗೆ ಹೊತ್ತು ಅಚ್ಚಾಗಿರುತ್ತಿತ್ತು. ಮೊದಲು ಸಂಜೆ ನಾಲ್ಕಕ್ಕೆ ಮುಗಿಯುತ್ತಿದ್ದ ಕ್ಯಾಂಪು ಈಗ ಹನ್ನೆರಡಕ್ಕೆ ಮುಗಿಯುತ್ತಿತ್ತು. ನನ್ನ ತಿದ್ದುಪಡಿಯಲ್ಲಿ ಒಂದೂ ಲೋಪವಿರಲಿಲ್ಲ. ಒಮ್ಮೆಯಾದರೂ ಕೆಡಬಾರದೇ ಎಂದು ಹಂಬಲಿಸಿದ್ದೂ ಉಂಟು, ಹಂಬಲಿಸಿದ್ದಕ್ಕೆ ನನಗೆ ನಾನೇ ಛೀ ಎಂದದ್ದೂ ಉಂಟು.

ಭಾನುವಾರಗಳು ಮಾತ್ರ ಕಾಂತಾಬಾಯಿಗೆ ಹೋದವು. ಡಾಬಕಾದ ಕಿರಾಣಿ ಅಂಗಡಿಯಿಂದ ಸುಭಾನನ ನಂಬರ್ ತಂದೆ. ಅದು ಬಂದ್ ಇತ್ತು. ಪಟಾಂಚೆರು ಕಡೆ ಎಲ್ಲೋ ದೊಡ್ಡ ಬಿಲ್ಡಿಂಗು ಎಂದಷ್ಟೇ ಊರವರಿಗೆ ಗೊತ್ತು. ಬೆಳಿಗ್ಗೆ ಹೈದ್ರಾಬಾದ್ ಬಸ್ಸು ಹತ್ತುವುದು, ಪಟಾಂಚೆರುವಿನಲ್ಲಿ ಇಳಿಯುವುದು, ಕಟ್ಟುತ್ತಿರುವ ಕಟ್ಟಡಗಳ ಬುಡದ ತಗಡಿನ ಗುಡಿಸಲುಗಳಲ್ಲಿ ಔರಾದ ಕಡೆಯವರು ಇದ್ದಾರೇನ್ರಿ ಎಂದು ಕೇಳುವುದು. ಇದ್ದರು, ಎಲ್ಲ ಕಡೆಯೂ ಇದ್ದರು. ನಮ್ಮ ಮಾತು ಕೇಳಿ ಹೆಂಗಸರು ಓಡಿ ಬಂದು, ಮಳಿ ಆತೇನ್ರಿ ಬಾಯಾರ ಎಂದು ಕೇಳುತ್ತಿದ್ದರು. ಜನವರಿಯಲ್ಲಿ ಯಾವ ಮಳೆ? ಇಲ್ಲ ಎಂದರೆ, ನಾನೇ ತಡೆದು ನಿಲ್ಲಿಸಿದ್ದೇನೋ ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ಊರ ಹೆಸರು ಹೇಳಿದರೆ ಸಾಕು, ಅವರ ಕಣ್ಣು ತುಂಬುತ್ತಿತ್ತು. ಆರು ಭಾನುವಾರ ಬರಿಗೈಯಲ್ಲಿ ಬಂದೆ.

ಏಳನೆಯ ಭಾನುವಾರ ಸಿಕ್ಕಳು. ಇಟ್ಟಿಗೆ ಹೊರುತ್ತಿರಲಿಲ್ಲ, ಗುಡಿಸಲ ಮುಂದೆ ಕೂತು ಬೇರೆಯವರ ಮಕ್ಕಳನ್ನು ಕಾಯುತ್ತಿದ್ದಳು. ಬಲಗಣ್ಣಿಗೆ ಕರಿ ಪರದೆ ಬಿದ್ದಂತಾಗಿ ಒಂದು ತಿಂಗಳಾಗಿತ್ತು. ಏಣಿ ಹತ್ತಲು ಆಗದವಳಿಗೆ ಸುಭಾನ ಆ ಕೆಲಸ ಕೊಟ್ಟಿದ್ದ.

ನಾನು ಅವಳ ಎದುರಿಗೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕಾರ್ಡು, ಪರ್ಸು, ಮೂರು ವಾರ. ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಕಾಂತಾಬಾಯಿ ಮಡಿಲಲ್ಲಿದ್ದ ಕೂಸನ್ನು ತಟ್ಟುತ್ತಲೇ ಇದ್ದಳು. "ಆ ನಗಸೂ ಅಣ್ಣನ ಸಲುವಾಗಿ?"

"ಹೌದು."

"ಹುಚ್ಚ ಖೋಡಿ ಇದ್ದೀರಿ," ಎಂದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, "ನನ್ನ ಕಣ್ಣ ಹೋತಲ್ಲರಿ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಅತ್ತೆ. ಅವಳು ಅಳಲಿಲ್ಲ.

ಅಲ್ಲಿಂದಲೇ ಲೂಕನಿಗೆ ಫೋನ್ ಮಾಡಿದೆ. ಎರಡು ತಿಂಗಳ ಮೇಲೆ ಮೊದಲ ಸಲ. "ಕಾಂತಾಬಾಯಿ ಸಿಕ್ಕಾರ್ರಿ," ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಕರ್ಕೊಂಡ ಬರ್ರಿ. ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ," ಎಂದ. ಸಂಜೆ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಕಾಂತಾಬಾಯಿಯ ಕೈ ಹಿಡಿದು ಬಸ್ಸಿನಿಂದ ಇಳಿಸಿಕೊಂಡ.

ಮರುದಿನ ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಔಷಧಿ ಹಾಕಿ ಫೋಟೋ ಹಿಡಿದರು. ಡಾಕ್ಟರು ನೋಡಿ ಹೇಳಿದರು: ಬಲಗಣ್ಣು ಇನ್ನು ಬರುವುದಿಲ್ಲ, ಎಡಗಣ್ಣಿಗೆ ಈಗಲೇ ಲೇಸರ್ ಕೊಟ್ಟರೆ ಉಳಿಯುತ್ತದೆ. ಮಧ್ಯಾಹ್ನಕ್ಕೆ ಸರತಿ. ವರಾಂಡದ ಬೆಂಚಿನ ಮೇಲೆ ಕಾಯುತ್ತಾ ಕೂತೆವು. ನಡುವೆ ಔಷಧಿಗೆ ಇನ್ನೂ ಕಣ್ಣು ಮಂಜಾಗಿದ್ದ ಕಾಂತಾಬಾಯಿ, ಆಚೆ ಲೂಕ, ಈಚೆ ನಾನು.

ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ: "ಮಷೀನ್ ಹ್ಯಾಂಗ ನಡದದರಿ?"

"ಛಲೋ ನಡದದರಿ. ಹನ್ನೆರಡಕ್ಕ ಎಲ್ಲಾ ಮುಗೀತದ."

"ಆಮ್ಯಾಲ?"

"ಆಮ್ಯಾಲೇನ್ರಿ. ಜೀಪು ಮೊದಲಿನಂಗ ನಾಕಕ್ಕೇ ಬರ್ತದ. ಅಲ್ಲೀತನಕ ಗಿಡದ ಕೆಳಗ ಒಬ್ಬನ ಕುಂಡರ್ತೇನಿ." ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ, "ನಾಕ ತಾಸು ಭಾಳ ಆಗ್ತದ್ರಿ."

ನಾನು ಕಾಂತಾಬಾಯಿಯ ಜಾರಿದ ಸೆರಗು ಸರಿಮಾಡಿದೆ.

"ನೀವು ಮಾಡಿದ್ದು ನಾ ಮರ್ತಿಲ್ಲ ಮೇಡಂ. ಮರಿಯಂಗೂ ಇಲ್ಲ."

"ಮರೀಬ್ಯಾಡ್ರಿ," ಎಂದೆ.

ಒಳಗೆ ನರ್ಸು ಯಾರದೋ ಹೆಸರು ಕೂಗಿದಳು. ಕಾಂತಾಬಾಯಿಯದಲ್ಲ. ಲೂಕ ಗಂಟಲು ಸರಿಮಾಡಿಕೊಂಡ.

"ಮಷೀನ್ ಕೆಟ್ಟಿಲ್ಲ," ಎಂದ. "ಆದ್ರೂ ಬುಧವಾರ ಬರ್ರಿ."

ಊರಿಗೆಲ್ಲ ಬಾಯಿ ಜೋರು ಮಾಡುವವಳು ನಾನು. ಆಗ ಒಂದು ಅಕ್ಷರವೂ ಹೊರಡಲಿಲ್ಲ. ಕಾಂತಾಬಾಯಿಯ ಕೈ ಬೆಂಚಿನ ಮೇಲೆ ತಡಕಾಡಿ ಬಂದು ನನ್ನ ಮೊಣಕೈಯನ್ನು ಹಿಡಿದು ಅಲುಗಿಸಿತು.

"ಹ್ಞೂಂ ಅನ್ರಿ ಬಾಯಾರ," ಎಂದಳು. "ನೀವು ಗೋಣ ಹಾಕಿದ್ರ ನನಗ ಕಾಣಂಗಿಲ್ಲ."